ನೆರಳಿಗೆ ನಿಲ್ಲದ ಹಾವು

ಹೋದ ಶ್ರಾವಣದಲ್ಲಿ ಒಂದು ಕುಬಸಕ್ಕೆಂದು ಬೀದರಿನ ಪಕ್ಕದ ನೌಬಾದಿಗೆ ಹೋಗಿದ್ದೆ. ಬಸುರಿ ಹುಡುಗಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಊಟ ಮುಗಿಸಿ ಹೊರಟಾಗ ಮಳೆ ಹಿಡಿಯಿತು. ನೆಲದಡಿ ಕೊರೆದ ಕಾಲುವೆಯಿಂದ ನೀರು ಬರುತ್ತಿದ್ದ ಹಳೆಯ ಸುರಂಗ ಬಾವಿಯ ಪಕ್ಕದ ಗೋಡೆಗೆ ಆತುಕೊಂಡು ನಿಂತೆವು. ಈಗ ಆ ಸುರಂಗದಿಂದ ಯಾರೂ ನೀರು ತರುವುದಿಲ್ಲ. ಬಾಯಿಯ ತುಂಬ ಕಸ, ಮುಳ್ಳುಕಂಟಿ. ಆದರೆ ಮಳೆ ಬಿದ್ದೊಡನೆ ಒಳಗಿನಿಂದ ಒಂದು ವಾಸನೆ ಎದ್ದು ಬಂತು. ತೊಯ್ದ ಕೆಂಪು ಕಲ್ಲು, ಪಾಚಿ, ಕಪ್ಪೆ, ಅದೆಲ್ಲದರ ಅಡಿಗೆ ಇನ್ನೊಂದು ಕಮಟು. ಜೊತೆಗಿದ್ದ ಹುಡುಗಿಯರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಆ ಕಮಟನ್ನು ಗುರುತು ಹಿಡಿದೆ. ಅದು ನೀರು ಹಾವಿನದು.

ಅಂದರೆ, ನೀರು ಹಾವಿನದು ಎಂದು ನಾನು ಅಂದುಕೊಂಡಿದ್ದೇನೆ. ಖಂಡಿತ ಹೇಳಲಾರೆ. ಆ ಸುರಂಗದ ಒಂದು ಹಾವಿನ ವಿಷಯದಲ್ಲಿ ನಾನು ಯಾವುದನ್ನೂ ಖಂಡಿತವಾಗಿ ಹೇಳಲಾರದೆಯೇ ಮುದುಕಿಯಾಗಿದ್ದೇನೆ. ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವಳು ನಾನು. ಬರೆಯುತ್ತ ಹೋದರೆ ತಲೆಯೊಳಗಿನ ಗೊಂದಲ ಒಂದಿಷ್ಟು ಕಡಿಮೆಯಾದೀತೆಂದು ಬರೆಯಲು ಕುಳಿತಿದ್ದೇನೆ. ಆಗದಿದ್ದರೆ ಬಿಡಲಿ.

ಆಗ ನಿಜಾಮ ಸರಕಾರ. ಭಾಲ್ಕಿಯ ಹುಡುಗಿಯಾದ ನಾನು ನೌಬಾದಿಗೆ ಸೊಸೆಯಾಗಿ ಬಂದು ಐದು ವರ್ಷವಾಗಿತ್ತು. ಮಾವ ತೀರಿಕೊಂಡಿದ್ದರು. ಮನೆಯಲ್ಲಿ ಮೂರೇ ಜನ, ಅತ್ತೆ, ನಮ್ಮವರು ಮತ್ತು ನಾನು. ನಮ್ಮವರು ಬೀದರಿನ ಕಚೇರಿಯೊಂದರಲ್ಲಿ ನಕಲು ಬರೆಯುವ ಕೆಲಸದಲ್ಲಿದ್ದರು. ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು ನಡೆದು ಹೋಗುವರು, ಸಂಜೆ ನಡೆದು ಬರುವರು, ಶುಕ್ರವಾರ ಸೂಟಿ. ದಿನವಿಡೀ ಉರ್ದುವಿನಲ್ಲಿ ವಾದಿಯ ಮಾತು, ಪ್ರತಿವಾದಿಯ ಮಾತು ಬರೆದೂ ಬರೆದೂ ಅವರಿಗೊಂದು ರೋಗ ಅಂಟಿಕೊಂಡಿತ್ತು. ಇಬ್ಬರು ಜಗಳಾಡಿದರೆ ಇಬ್ಬರದೂ ಸರಿ ಎನಿಸುವ ರೋಗ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯಲ್ಲಿ ಅತ್ತೆಗೂ ನನಗೂ ಮಾತು ಬೆಳೆದಾಗ ಅವರು ಅಂಗಳದಲ್ಲಿ ಕುಳಿತು ಬೀಡಿ ಸೇದುತ್ತಿದ್ದರು.

ಐದು ವರ್ಷದಲ್ಲಿ ನನಗೆ ಮಕ್ಕಳಾಗಿರಲಿಲ್ಲ. ಎರಡನೆಯ ವರ್ಷ ಎರಡು ತಿಂಗಳು ಮುಟ್ಟು ನಿಂತಿತ್ತು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಮೂರನೆಯ ತಿಂಗಳು ಏನೂ ಇಲ್ಲವೆಂದಾಯಿತು. ಸಕ್ಕರೆ ತಿಂದವರು ಅದನ್ನು ಮರೆಯಲಿಲ್ಲ, ಹಂಚಿದವರೂ ಮರೆಯಲಿಲ್ಲ. ಔರಾದ ಕಡೆ ಠಾಣಾ ಕುಶನೂರಿನಲ್ಲಿ ಅತ್ತೆಯ ದೂರದ ಸಂಬಂಧದಲ್ಲಿ ಒಂದು ಹೆಣ್ಣಿತ್ತು. ಆ ಹೆಣ್ಣಿನ ಮಾತು ಮೊದಲು ವರ್ಷಕ್ಕೊಮ್ಮೆ ಬರುತ್ತಿದ್ದದ್ದು ಬರಬರುತ್ತ ತಿಂಗಳಿಗೊಮ್ಮೆ ಬರತೊಡಗಿತು. ಇದ್ದವಳನ್ನು ಇಟ್ಟುಕೊಂಡೇ ಇನ್ನೊಬ್ಬಳನ್ನು ತರುವುದು ಆಗ ಯಾರೂ ಹುಬ್ಬೇರಿಸುವ ಸಂಗತಿಯಾಗಿರಲಿಲ್ಲ. ನಮ್ಮ ಓಣಿಯಲ್ಲೇ ಎರಡು ಮೂರು ಮನೆಗಳಲ್ಲಿ ಇಬ್ಬಿಬ್ಬರು ಹೆಂಡಿರಿದ್ದರು.

ಆ ವರ್ಷ ಯುಗಾದಿ ಕಳೆದ ಮೇಲೆ ನನಗೆ ಮುಟ್ಟಾಗಲಿಲ್ಲ. ಒಂದು ತಿಂಗಳು ಬಾಯಿ ಬಿಡಲಿಲ್ಲ. ಎರಡನೆಯ ತಿಂಗಳು ವಾಂತಿ ಶುರುವಾದಾಗ ಎಲ್ಲರಿಗೂ ತಾನೇ ತಿಳಿಯಿತು. ಅತ್ತೆ ಈ ಸಲ ಸಕ್ಕರೆ ಹಂಚಲಿಲ್ಲ. "ನೋಡಮು," ಎಂದರು, ಅಷ್ಟೇ. ಆದರೆ ಕುಶನೂರಿನ ಮಾತು ನಿಂತಿತು, ನನಗೆ ಅಷ್ಟು ಸಾಕಾಗಿತ್ತು. ನಾಲ್ಕನೆಯ ತಿಂಗಳಿಗೆ ವಾಂತಿಯೂ ನಿಂತಿತು. ಹೊಟ್ಟೆ ಇದ್ದ ಹಾಗೇ ಇತ್ತು. ಆಗ ನನಗೆ ಒಳಗೊಳಗೇ ಹೆದರಿಕೆ ಹತ್ತಿತು. ನೀರು ತುಂಬುವಾಗ, ಕಸ ಗುಡಿಸುವಾಗ, ಯಾರೂ ನೋಡದಾಗ ಹೊಟ್ಟೆಯ ಮೇಲೆ ಕೈಯಿಟ್ಟು, ಇದ್ದೀಯೇನು ಎಂದು ಕೇಳುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ.

ಆ ಸಲದ ಮಳೆಯೂ ಹಟಕ್ಕೆ ಬಿದ್ದಂತೆ ಸುರಿಯಿತು. ಹೊಲದಲ್ಲಿ ಹೆಸರು ಕೊಳೆಯಿತು. ಅಂಗಳದ ಕೆಂಪು ಮಣ್ಣು ಕಾಲಿಗೆ ಹತ್ತಿ ಮನೆಯೊಳಗೆಲ್ಲ ಹೆಜ್ಜೆ ಮೂಡಿತು. ಮಾಂಜ್ರಾ ನದಿ ತುಂಬಿ ಔರಾದ ದಾರಿ ಬಂದಾಯಿತು. ಊರ ತುಂಬ ಕಪ್ಪೆ. ಕಪ್ಪೆಯ ಹಿಂದೆ ಹಾವು ಬಂದವು. ಒಲೆಯ ಹಿಂದೆ, ಕುಳ್ಳಿನ ರಾಶಿಯಲ್ಲಿ, ದನದ ಕೊಟ್ಟಿಗೆಯಲ್ಲಿ ಎಲ್ಲೆಂದರಲ್ಲಿ. ಶ್ರಾವಣವಾದ್ದರಿಂದ ಯಾರೂ ಅವುಗಳಿಗೆ ಕೋಲು ಎತ್ತುವಂತಿರಲಿಲ್ಲ. ಕೈ ಚಪ್ಪಾಳೆ ತಟ್ಟಿ, "ಹೋಗಪ್ಪಾ, ಹೋಗು," ಎಂದು ಬೇಡಿಕೊಳ್ಳುತ್ತಿದ್ದರು.

ನಾಗರ ಪಂಚಮಿಗೆ ನಾಲ್ಕು ದಿನವಿತ್ತು. ಬೆಳಗಿನ ಮಳೆ ಬಿಟ್ಟು ಚುರುಕು ಬಿಸಿಲು ಬಿದ್ದಿತ್ತು. ನಾನು ಜೋಳ ಹಸನು ಮಾಡುತ್ತಿದ್ದೆ. ಎದುರು ಮನೆಯ ಈರಮ್ಮ ಕಾಕಿ ಖಾಲಿ ಕೊಡ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದರು. ಓಣಿಯ ಯಾವ ಸುದ್ದಿಯಾದರೂ ಮೊದಲು ಅವರ ಬಾಯಿಂದಲೇ ಹೊರಡಬೇಕು.

"ಅಕ್ಕಾ, ಶರಣಮ್ಮನ ಕಳಸ್ರಿ. ಸುರಂಗದ ಪಾವಟಗಿ ಮ್ಯಾಲ ಹಾವು ಕುಂತದ. ಮುಂಜಾನಿಂದ ಒಬ್ಬರಿಗೂ ನೀರ ತುಂಬಲಾಕ ಬಿಡವಲ್ದು."

"ಆಕೀನ ಯಾಕ?" ಎಂದರು ಅತ್ತೆ.

"ಬಸುರಿ ಹೌದಲ್ರಿ? ಓಣ್ಯಾಗ ಈಗ ಬ್ಯಾರೆ ಯಾರ ಬಸುರಿ ಇದ್ದಾರ?"

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬಸುರಿ ಹೆಂಗಸಿನ ನೆರಳು ಬಿದ್ದರೆ ಹಾವಿಗೆ ಕಣ್ಣು ಕಾಣುವುದಿಲ್ಲ, ಅದು ಬಿದ್ದಲ್ಲೇ ಬಿದ್ದಿರುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹೊಡೆಯಬಾರದ ಹಾವನ್ನು ಸಾಗಿಸಬೇಕಾದರೆ ಹೀಗೆ ಬಸುರಿಯನ್ನು ಕರೆದು ನಿಲ್ಲಿಸುವರು. ಅವಳ ನೆರಳಿಗೆ ಹಾವು ಕಟ್ಟಿಹಾಕಿದಂತಾದಾಗ, ಇನ್ನೊಬ್ಬರು ಉದ್ದನೆಯ ತೊಗರಿ ಕಟ್ಟಿಗೆಯಿಂದ ಅದನ್ನು ಮೆಲ್ಲಗೆ ಎತ್ತಿ ದೂರ ಬಿಟ್ಟು ಬರುವರು. ನೋಡಿದವರು ಎಷ್ಟೋ ಮಂದಿ. ಅಂದರೆ, ನೋಡಿದ್ದೇವೆ ಎಂದವರು.

ಅತ್ತೆ ನನ್ನ ಮುಖ ನೋಡಿದರು. ಇಷ್ಟು ಹೊತ್ತು ಯಾಕೆ ನೋಡುತ್ತಾರೆಂದು ನನಗೆ ಆಗ ತಿಳಿಯಲಿಲ್ಲ. ಆಮೇಲೆ, "ಹೋಗು," ಎಂದರು. ಸುಳ್ಳು ಯಾಕೆ ಹೇಳಲಿ, ನನಗೆ ಒಂದು ನಮೂನೆ ಹಿಗ್ಗೇ ಆಗಿತ್ತು. ಐದು ವರ್ಷದಲ್ಲಿ ಮೊದಲ ಸಲ ಓಣಿಗೆ ನನ್ನಿಂದ ಒಂದು ಕೆಲಸ ಬಿದ್ದಿತ್ತು. ಅದಕ್ಕಿಂತ ಹೆಚ್ಚಾಗಿ, ಹಾವು ಕದಲದೆ ನಿಂತರೆ ನನಗೂ ಒಂದು ಧೈರ್ಯ. ಹೊಟ್ಟೆ ಹೇಳದ್ದನ್ನು ಹಾವಾದರೂ ಹೇಳಲಿ ಎಂದು ಸೆರಗು ಹೊದ್ದುಕೊಂಡು ನಡೆದೆ.

ಸುರಂಗದ ಬಾಯಲ್ಲಿ ಹತ್ತು ಹನ್ನೆರಡು ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ನಿಂತಿದ್ದರು. ನನಗೆ ದಾರಿ ಬಿಟ್ಟರು. ನೀರಿಗೆ ಒಂದು ಮೊಳ ಮೇಲೆ, ಕಲ್ಲು ಮೆಟ್ಟಿಲ ಸಾಲಿನ ನಾಲ್ಕನೆಯ ಪಾವಟಿಗೆಯ ಮೇಲೆ ಹಾವು ಬಿಸಿಲು ಕಾಯಿಸಿಕೊಳ್ಳುತ್ತ ಬಿದ್ದಿತ್ತು. ದಪ್ಪಗೆ, ಎರಡು ಮೊಳಕ್ಕಿಂತ ಉದ್ದ. ನಾನು ಎರಡು ಪಾವಟಿಗೆ ಇಳಿದೆ. ಬಿಸಿಲು ಬೆನ್ನ ಹಿಂದಿತ್ತು, ನನ್ನ ನೆರಳು ಸರಿಯಾಗಿ ಅದರ ಮೈಮೇಲೆ ಬಿತ್ತು. ಹಾವು ತಲೆ ಎತ್ತಿತು. ಕುತ್ತಿಗೆಯನ್ನು ಅಗಲವಾಗಿ ಚಪ್ಪಟೆ ಮಾಡಿ ನಿಂತಿತು. ಹಿಂದಿನಿಂದ ಯಾರೋ, "ನಾಗಪ್ಪಾ!" ಎಂದರು. ಅಷ್ಟೂ ಹೆಂಗಸರು ಕೊಡ ಬಿಟ್ಟು ಕೈ ಮುಗಿದರು.

ನಾನು ಕೈ ಮುಗಿಯಲಿಲ್ಲ. ಅದರ ಮುಖ ಮಾತ್ರ ನೋಡುತ್ತಿದ್ದೆ. ದುಂಡನೆಯ ಕಣ್ಣು, ಕಣ್ಣ ಕೆಳಗೆ ಕಾಡಿಗೆ ಇಳಿದಂತೆ ಎರಡು ಕರಿ ಗೆರೆ. ನಿಂತಿತು, ನಿಂತಿತು ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಅದು ಒಮ್ಮೆ ಬುಸ್ ಎಂದಿತು. ಕುತ್ತಿಗೆ ಇಳಿಸಿತು. ನನ್ನ ನೆರಳಿನ ಈ ತುದಿಯಿಂದ ಆ ತುದಿಯವರೆಗೆ, ಯಾರ ಹೆದರಿಕೆಯೂ ಇಲ್ಲದೆ, ಸರಸರನೆ ಹರಿದು ನೀರಿಗಿಳಿದು ಸುರಂಗದ ಕತ್ತಲೆಗೆ ಹೋಯಿತು.

ದಾರಿ ಸಾಫಾಗಿತ್ತು, ನೀರು ತುಂಬಬಹುದಿತ್ತು. ಆದರೆ ಯಾರೂ ಕೊಡ ಎತ್ತಲಿಲ್ಲ. ಎಲ್ಲರೂ ಹಾವು ಹೋದ ಕಡೆ ನೋಡುವುದನ್ನು ಬಿಟ್ಟು ನನ್ನ ಹೊಟ್ಟೆ ನೋಡತೊಡಗಿದರು.

"ಎಷ್ಟನೇ ತಿಂಗಳವ್ವ ನಿಂದು?" ಎಂದು ಈರಮ್ಮ ಕಾಕಿ ಬಹಳ ಮೆತ್ತಗೆ ಕೇಳಿದರು.

ನಾನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಕಟ್ಟೆಯ ಮೇಲೆ ಕುಳಿತು ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆ ಎತ್ತದೆ ಹೊಸೆಯುತ್ತಲೇ ಇದ್ದರು. ಸಂಜೆ ನಮ್ಮವರು ಬಂದರು. ಹಾದಿಯಲ್ಲೇ ಯಾರೋ ಹೇಳಿದ್ದರು. ಅವರು ಕಾಲು ತೊಳೆದುಕೊಂಡು ಬಂದು ಕಚೇರಿಯ ದನಿಯಲ್ಲಿ ವಿಚಾರಣೆ ಶುರು ಮಾಡಿದರು.

"ಹೆಡಿ ಮ್ಯಾಲ ಗುರ್ತು ಇತ್ತೇನು?"

"ನಾ ಹೆಡಿ ಹಿಂದ ನೋಡಿಲ್ರಿ. ಮುಖ ನೋಡೀನಿ. ಕಣ್ಣಾಗ ಕಾಡಗಿ ಇಳದಂಗ ಇತ್ತು."

"ಮೈ ಮ್ಯಾಲ?"

"ಚೌಕಳಿ ಚೌಕಳಿ ಇತ್ತನಸ್ತದ. ಅಂಜಿಕ್ಯಾಗ ಸರಿ ನೋಡಿಲ್ರಿ."

ಅವರು ಓಣಿಯಲ್ಲಿ ಸುತ್ತಾಡಿ ಬಂದರು. ಒಬ್ಬಳು ಹೆಡೆಯ ಮೇಲೆ ಗುರುತು ನೋಡಿದ್ದಳಂತೆ. ಇನ್ನೊಬ್ಬಳು ಮೈ ಬಂಗಾರದ ಹಾಗೆ ಹೊಳೆಯಿತೆಂದಳಂತೆ. ಮತ್ತೊಬ್ಬಳು ಕಣ್ಣು ಮುಚ್ಚಿಕೊಂಡು ಕೈ ಮುಗಿದಿದ್ದಳು, ಆದರೂ ನಾಗಪ್ಪನೇ ಎಂದಳಂತೆ. ಈಗ ಅರ್ಥವಾಗುತ್ತದೆ, ಒಮ್ಮೆ ಕೈ ಮುಗಿದ ಮೇಲೆ ಅದು ಬರೀ ನೀರು ಹಾವೆಂದು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ. ನೀರು ಹಾವಾದರೆ ಅವರು ಪೆದ್ದರಾಗುತ್ತಾರೆ. ನಾಗಪ್ಪನಾದರೆ ನಾನು ಬಂಜೆಯಾಗುತ್ತೇನೆ. ಅವರೇನೂ ಕೆಟ್ಟವರಲ್ಲ, ಎರಡರಲ್ಲಿ ತಮಗೆ ಹಗುರಾದದ್ದನ್ನು ಆರಿಸಿಕೊಂಡರು.

ಯಾಕೆಂದರೆ ಎಲ್ಲವೂ ಅಲ್ಲಿಗೇ ಬಂದು ನಿಂತಿತ್ತು. ಬಸುರಿಯ ನೆರಳಿಗೆ ಹೆದರುವುದು ವಿಷದ ಹಾವು, ನೀರು ಹಾವಿಗೆ ಅದೆಲ್ಲ ತಾಗುವುದಿಲ್ಲ ಎಂದು ಓಣಿಯ ಹಿರಿಯರು ತೀರ್ಮಾನ ಕೊಟ್ಟಿದ್ದರು. ಹಾವು ನೀರು ಹಾವಾಗಿದ್ದರೆ ನನ್ನ ಬಸುರು ಉಳಿಯುತ್ತಿತ್ತು. ನಾಗರವಾಗಿದ್ದರೆ, ಹರಿದು ಹೋಯಿತಲ್ಲ, ಬಸುರು ಸುಳ್ಳು. ನನ್ನ ಹೊಟ್ಟೆಯೊಳಗೆ ಏನಿದೆ ಎಂಬುದು ಸುರಂಗದೊಳಗೆ ಹೋದ ಹಾವು ಯಾವುದು ಎಂಬುದರ ಮೇಲೆ ನಿಂತಿತು. ಇದನ್ನು ಈಗ ಬರೆಯುವಾಗ ನಗು ಬರುತ್ತದೆ. ಆಗ ನಾನೂ ಅದನ್ನು ನಂಬಿದ್ದೆ.

ಮರುದಿನ ಅತ್ತೆ ಮಗನಿಗೆ ಹೇಳಿದರು, "ಮಾಂಜ್ರಾ ಇಳೀಲಿ. ಕುಶನೂರಿಗಿ ಹೋಗಿ ಹೆಣ್ಣ ನೋಡಿ ಬರ್ತೇನಿ."

"ಇನ್ನೊಂದ್ ಎರಡ ತಿಂಗಳ ನೋಡಮು ಅವ್ವಾ," ಎಂದರು ನಮ್ಮವರು.

"ಹೋದ ಸಲನೂ ನೋಡಿದೇವು."

ನಮ್ಮವರು ನನ್ನ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು. ಅವರಿಗೆ ಇಬ್ಬರದೂ ಸರಿ ಎನಿಸಿರಬೇಕು. "ನೀ ಹ್ಯಾಂಗ ಅಂತಿ ಹಾಂಗ," ಎಂದು ಬೀಡಿ ಹಚ್ಚಿದರು. ನನಗೆ ಸಿಟ್ಟು ಎಷ್ಟು ಬಂತೆಂದರೆ ಎರಡು ದಿನ ಅವರ ಪಲ್ಯಕ್ಕೆ ಉಪ್ಪು ಹಾಕಲಿಲ್ಲ. ಹಾಗೇ ತಿಂದೆದ್ದರು.

ಆ ಸುರಂಗದ ಹೂಳು ತೆಗೆಯುವವರು ಹುಸೇನ್ ಚಾಚಾ ಎಂಬ ಮುದುಕರು. ವಯಸ್ಸೆಲ್ಲ ನೆಲದ ಕೆಳಗೆ, ಮೊಣಕಾಲು ನೀರಿನಲ್ಲಿ, ದೀಪ ಹಿಡಿದು ಬಗ್ಗಿ ನಡೆದೂ ನಡೆದೂ ಮೇಲೆ ಬಂದಾಗಲೂ ಬಗ್ಗಿಯೇ ನಡೆಯುತ್ತಿದ್ದರು. ಒಳಗಿನ ಹಾವು, ಏಡಿ, ಬಾವಲಿ ಎಲ್ಲವೂ ಅವರಿಗೆ ನೆರೆಹೊರೆ. ಹಬ್ಬದ ಹಿಂದಿನ ದಿನ ನೀರಿಗೆ ಹೋದಾಗ ಅವರು ಮೇಲೆ ಹುಲ್ಲಿನಲ್ಲಿ ಕುಳಿತು ಕಾಲು ಒರೆಸಿಕೊಳ್ಳುತ್ತಿದ್ದರು. ಬೇರೆ ಯಾರೂ ಇರಲಿಲ್ಲ. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ಕಣ್ಣಿನ ಕೆಳಗಿನ ಗೆರೆಯ ಮಾತು ಬಂದೊಡನೆ ಅವರು ತಲೆ ಅಲ್ಲಾಡಿಸಿದರು.

"ನೀರ ಹಾವು ಬೇಟಿ. ಆ ಗೆರಿ ನಾಗರಕ್ಕ ಇರೂದಿಲ್ಲ. ಒಳಗ ಇಪ್ಪತ್ತೈದು ಅವ, ನನ್ನ ಕಾಲ ಮ್ಯಾಲೇ ಹರೀತಾವ. ಕಚ್ತದ, ರಕ್ತ ಬರ್ತದ, ಖರೆ. ಜಹರ್ ಇಲ್ಲ, ವಿಷ ಇಲ್ಲ."

"ಹೆಡಿ ತೆಗೀತು ಚಾಚಾ."

"ಅದ ಹೆಡಿ ಅಲ್ಲ, ಸೋಗು. ಅಂಜಿಕಿ ಬಂದ್ರ ಕುತ್ತಿಗಿ ಅಗಲ ಮಾಡ್ತದ. ಇದರ ಖಾಂದಾನೇ ಹಂಗ. ನೀರಾಗಿನ್ದೂ ಮಾಡ್ತದ, ಹುಲ್ಲಾಗಿನ್ದೂ ಮಾಡ್ತದ. ತಡಿ, ತೋರಸ್ತೇನಿ."

ಅವರು ಎದ್ದು ಸುರಂಗದಿಂದ ಹೊರಬೀಳುವ ಕಾಲುವೆಯ ಅಂಚಿನ ಹುಲ್ಲಿನಲ್ಲಿ ಹುಡುಕಾಡಿ, ಬರಿಗೈಯಿಂದ ಒಂದು ಹಾವು ಹಿಡಿದು ತಂದರು. ಸಣ್ಣದು, ಬೆನ್ನ ಮೇಲೆ ಎರಡು ಹಳದಿ ಪಟ್ಟೆ. ಇದು ಹುಲ್ಲು ಹಾವು, ಅದರ ತಂಗಿ ಎಂದರು. ಅವರ ಅಂಗೈಯಿಂದ ಒಂದು ಕೆಟ್ಟ ಕಮಟು ಎದ್ದಿತು. ಹಿಡಿದರೆ ಇವು ಹೀಗೇ ನಾರುತ್ತವಂತೆ. ನೆಲಕ್ಕೆ ಬಿಟ್ಟೊಡನೆ ಅದು ತಲೆ ಎತ್ತಿ, ಪುಟ್ಟ ಕುತ್ತಿಗೆಯನ್ನು ಅಗಲ ಮಾಡಿ, ದೊಡ್ಡವರ ಹಾಗೆ ನಿಂತಿತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಚಾಚಾ ಹೇಳಿದ್ದು ಖರೆ, ನಾನು ಬಸುರಿ ಇದ್ದೇನೆ ಎಂದುಕೊಂಡು ನೋಡಲು ಇನ್ನೊಂದು ಹೆಜ್ಜೆ ಮುಂದೆ ಇಟ್ಟೆ. ನನ್ನ ನೆರಳು ಅದರ ಮೇಲೆ ಬಿತ್ತು. ಹಾವು ಮಗುಚಿ ಬಿತ್ತು. ಹೊಟ್ಟೆ ಮೇಲೆ, ಬಾಯಿ ತೆರೆದು, ಹೆಣ.

"ಚಾಚಾ, ಸತ್ತೇ ಹೋತು!"

ನನಗೆ ಏನೂ ತಿಳಿಯದಾಯಿತು. ನೀರು ಹಾವಿನ ಜಾತಿಗೆ ನೆರಳು ತಾಗುವುದಿಲ್ಲ ಎಂದಿದ್ದರು, ಇದಕ್ಕೆ ತಾಗಿತು. ಹಾಗಾದರೆ ನಾನು ಬಸುರಿ. ಆದರೆ ಈ ಜಾತಿಗೂ ತಾಗುವುದಾದರೆ ಆವತ್ತಿನದು ಯಾಕೆ ಹರಿದು ಹೋಯಿತು? ಆವತ್ತು ಬಸುರಿ ಇರಲಿಲ್ಲವೇ, ಈವತ್ತು ಇದ್ದೇನೆಯೇ? ಮೂರು ದಿನದಲ್ಲಿ ಏನಾಯಿತು? ಚಾಚಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ನಾಟಕ ಬೇಟಿ, ನಾಟಕ. ನನ್ನ ಮುಂದೂ ಹಿಂಗೇ ಬೀಳ್ತದ. ನಾನೂ ಬಸುರ್ಯೇನು?"

ನಾವು ನಾಲ್ಕು ಹೆಜ್ಜೆ ಹಿಂದೆ ಸರಿದೆವು. ಸ್ವಲ್ಪ ಹೊತ್ತಿಗೆ ಹೆಣ ಮೆಲ್ಲಗೆ ಮಗ್ಗುಲಾಯಿತು, ಅತ್ತಿತ್ತ ನೋಡಿತು, ಹುಲ್ಲಿನಲ್ಲಿ ಕಾಣೆಯಾಯಿತು. ನಾನು ನಕ್ಕೆ, ಆದರೆ ಕೊಡ ಹೊತ್ತು ಮನೆಗೆ ಬರುವಾಗ ನಗು ಎಲ್ಲಿ ಹೋಯಿತೋ. ಚಾಚಾ ಹೇಳಿದ್ದು ನಿಜವಾದರೆ ಹಾವಿಗೆ ನನ್ನ ಬಸುರಿನ ಗೊಡವೆಯೇ ಇಲ್ಲ. ನೀರಿನದಕ್ಕೂ ಇಲ್ಲ, ಹುಲ್ಲಿನದಕ್ಕೂ ಇಲ್ಲ, ನಾಗರಕ್ಕೂ ಇಲ್ಲ. ಹಾಗಾದರೆ ನಾನು ಬಸುರಿ ಅಲ್ಲ ಎನ್ನುವವರು ಸೋತರು. ಆದರೆ ಹೌದು ಎನ್ನಲು ನನ್ನ ಕಡೆ ಏನಿತ್ತು? ಹೊಟ್ಟೆ ಸುಮ್ಮನೇ ಇತ್ತು.

ನಮ್ಮವರಿಗೆ ಹೇಳಿದೆ. ಅವರಿಗೆ ಹುರುಪು ಬಂತು, ಸಾಕ್ಷಿ ಸಿಕ್ಕಿತಲ್ಲ. ಅಂದೇ ಸಂಜೆ ಚಾಚಾನನ್ನು ಕರೆತಂದು ಅಂಗಳದಲ್ಲಿ ನಿಲ್ಲಿಸಿದರು. ಚಾಚಾ ಹೇಳಬೇಕಾದ್ದನ್ನೆಲ್ಲ ಹೇಳಿದರು. ಅತ್ತೆ ಪೂರ್ತಿ ಕೇಳಿಕೊಂಡರು.

"ಆ ಹಾವು ನೀ ನೋಡ್ದೇನು ಹುಸೇನಣ್ಣ?"

"ನಾ ಒಳಗಿದ್ದೆ ಅಮ್ಮಾ. ನೋಡಿಲ್ಲ."

"ನೋಡಿದೋರು ಹನ್ನೆರಡ ಮಂದಿ ಇದ್ದಾರ," ಎಂದು ಅತ್ತೆ ಒಳಗೆ ಹೋದರು. ನಮ್ಮವರು ಕಚೇರಿಯಲ್ಲಿ ಇಂಥದ್ದನ್ನು ಎಷ್ಟು ಸಲ ಬರೆದಿದ್ದರೋ. ಚಾಚಾನನ್ನು ಓಣಿಯ ತುದಿಯ ತನಕ ಕಳಿಸಿ ಬಂದರು.

ಪಂಚಮಿಯ ದಿನ ಓಣಿಯ ಹೆಂಗಸರು ಹುತ್ತ ಬಿಟ್ಟು ಸುರಂಗದ ಪಾವಟಿಗೆಗೆ ಹಾಲೆರೆದರು. ನೀರು ಎರಡು ದಿನ ಬೆಳ್ಳಗಿತ್ತು. ನನ್ನನ್ನು ಯಾರೂ ಕರೆಯಲಿಲ್ಲ. ಅದೇ ಮಧ್ಯಾಹ್ನ ಭಾಲ್ಕಿಯಿಂದ ಅಣ್ಣ ಬಂಡಿ ಹೂಡಿಕೊಂಡು ಬಂದ. ಹಬ್ಬಕ್ಕೆ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವ ಪದ್ಧತಿ. ಕೆಸರಿನಲ್ಲಿ ಗಾಲಿ ಹೂತು ತಡವಾಗಿತ್ತು. ಪ್ರತಿ ವರ್ಷ ಎಂಟು ದಿನಕ್ಕಿಂತ ಹೆಚ್ಚು ಬಿಡದ ಅತ್ತೆ ಈ ಸಲ, "ಕರಕೊಂಡ ಹೋಗಪ್ಪಾ. ದೀಪಾವಳಿ ತನಕ ಇರ್ಲಿ," ಎಂದರು.

ಅಣ್ಣನಿಗೆ ಸಂತೋಷವಾಯಿತು. ನನಗೆ ಅತ್ತೆಯ ಲೆಕ್ಕ ತಿಳಿಯಿತು. ದೀಪಾವಳಿಗೆ ಬಂದರೆ ನನ್ನ ಒಲೆಯ ಮುಂದೆ ಇನ್ನೊಬ್ಬಳು ಕುಳಿತಿರುತ್ತಾಳೆ.

"ನಾ ಬರಂಗಿಲ್ಲ ಅಣ್ಣಾ."

"ಯಾಕವ್ವ? ಅವ್ವ ಹಾದಿ ನೋಡ್ಲತಾಳ."

ಯಾಕೆಂದು ಅವನಿಗೆ ಹೇಗೆ ಹೇಳಲಿ? ಹಾವು ಹರಿದು ಹೋಯಿತು ಎಂದರೆ ಅವನೂ ನನ್ನ ಹೊಟ್ಟೆ ನೋಡುತ್ತಿದ್ದ. ಬಂಡಿಯಲ್ಲಿ ಕುಲುಕಾಡಿದರೆ ಮೈಗೆ ಒಳ್ಳೆಯದಲ್ಲ ಎಂದೆ. ಅತ್ತೆ ನನ್ನನ್ನು ಮತ್ತೆ ಹಾಗೇ ನೋಡಿದರು. ಅಣ್ಣ ತಂದಿದ್ದ ಅಳ್ಳಿಟ್ಟಿನ ಉಂಡೆ, ಚಕ್ಕುಲಿ ಇಳಿಸಿ, ಮುಖ ಸಣ್ಣದು ಮಾಡಿಕೊಂಡು ಖಾಲಿ ಬಂಡಿ ಹೊಡೆದುಕೊಂಡು ಹೋದ. ಬಂಡಿ ಮರೆಯಾಗುವ ತನಕ ನಿಂತು ನೋಡಿ, ಒಳಗೆ ಹೋಗಿ ಅತ್ತುಬಿಟ್ಟೆ. ತವರು ಬೇಡವೆಂದು ಅತ್ತದ್ದೋ, ಬೇಕೆಂದು ಅತ್ತದ್ದೋ ಇಂದಿಗೂ ಬಗೆಹರಿದಿಲ್ಲ.

ಆಮೇಲಿನ ದಿನಗಳಲ್ಲಿ ನನ್ನ ತಲೆಯೇ ನನ್ನ ಮಾತು ಕೇಳಲಿಲ್ಲ. ಬೆಳಗ್ಗೆ ಎದ್ದರೆ ಇದೆ ಎನಿಸುತ್ತಿತ್ತು, ಸಂಜೆಗೆ ಇಲ್ಲ. ಸೀರೆಯ ಗಂಟು ಸ್ವಲ್ಪ ಬಿಗಿಯಾದರೆ ಬಸುರು, ಉಂಡದ್ದು ಹೆಚ್ಚಾಯಿತು ಎಂದು ಮತ್ತೆ ಅನುಮಾನ. ಅತ್ತೆ, "ವಾಯು ತುಂಬ್ಯಾದ," ಎಂದು ಓಮು ಕಾಳಿನ ಕಷಾಯ ಕುಡಿಸುತ್ತಿದ್ದರು. ನಾನು ಕುಡಿಯುತ್ತಿದ್ದೆ. ಮಳೆ ಮಾತ್ರ ನನ್ನ ಕಡೆಗಿತ್ತು. ಮಾಂಜ್ರಾ ಇಳಿಯುವ ಸುದ್ದಿ ಬಂದಾಗಲೆಲ್ಲ ಮತ್ತೆ ಒಂದು ದೊಡ್ಡ ಮಳೆ ಬೀಳುತ್ತಿತ್ತು. ಊರವರೆಲ್ಲ ಮಳೆ ನಿಲ್ಲಲಿ ಎಂದು ಬೇಡುವಾಗ ನಾನೊಬ್ಬಳೇ ಬೀಳಲಿ ಎಂದು ಬೇಡುತ್ತಿದ್ದೆ. ಅವರ ಹೆಸರು, ಉದ್ದು ಕೊಳೆತದ್ದರಲ್ಲಿ ನನ್ನ ಪಾಲೂ ಇದ್ದೀತು.

ಶ್ರಾವಣ ಮುಗಿದು ಎಂಟು ದಿನಕ್ಕೆ ಮಳೆ ಬಿಟ್ಟಿತು. ನದಿ ಇಳಿಯಿತೆಂದು ಔರಾದ ಕಡೆಯಿಂದ ಬಂದವರು ಹೇಳಿದರು. ಅತ್ತೆ ಬಂಡಿ ಗೊತ್ತು ಮಾಡಿದರು. ಹೊರಡುವ ದಿನ ನಮ್ಮವರು ಎಂದಿಗಿಂತ ಬೇಗ ಕಚೇರಿಗೆ ಹೊರಟುಬಿಟ್ಟರು. ಅತ್ತೆ ಮಿಂದು, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ಬಂದು, "ಎರಡ ದಿನಕ್ಕಾಗುವಷ್ಟ ಬುತ್ತಿ ಕಟ್ಟು," ಎಂದರು. ನನ್ನ ಸವತಿಯನ್ನು ನೋಡಲು ಹೋಗುವವರಿಗೆ ನಾನೇ ರೊಟ್ಟಿ ಬಡಿಯಲು ಕುಳಿತೆ.

ಹಿಟ್ಟು ನಾದಿದೆ. ಒಂದು, ಎರಡು, ಐದು ರೊಟ್ಟಿ ಬಡಿದೆ. ಬುತ್ತಿಯ ಬಟ್ಟೆಯಲ್ಲಿಟ್ಟು ಮೇಲೆ ಅಗಸಿ ಹಿಂಡಿಯ ಚಟ್ನಿ ಪುಡಿ ಕಟ್ಟಿಟ್ಟೆ. ಆರನೆಯದನ್ನು ಹೆಂಚಿಗೆ ಹಾಕಿ ಏಳನೆಯದನ್ನು ಬಡಿಯುತ್ತಿದ್ದೆ, ಒಳಗೆ ಏನೋ ಸರಿದಂತಾಯಿತು. ಕೈ ನಿಲ್ಲಿಸಿದೆ. ಏನೂ ಇಲ್ಲ. ಓಮು ಕುಡಿದದ್ದು ಎಂದುಕೊಂಡು ಮತ್ತೆ ಬಡಿದೆ. ಮತ್ತೆ ಸರಿಯಿತು. ಈ ಸಲ ಒಳಗಿನಿಂದ ಯಾರೋ ಬೆರಳು ತಾಗಿಸಿದ ಹಾಗೆ, ಒಮ್ಮೆ, ಬಿಟ್ಟು ಇನ್ನೊಮ್ಮೆ. ಹೆಂಚಿನ ಮೇಲಿನ ರೊಟ್ಟಿ ಕಪ್ಪಾಗಿ ಹೊಗೆ ಎದ್ದಿತು. ಸುಟ್ಟ ವಾಸನೆಗೆ ಅತ್ತೆ ಒಳಗೆ ಬಂದರು.

"ಎಲ್ಲಿ ಅದ ಲಕ್ಷ್ಯ?"

ಐದು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದೆ. ಅತ್ತೆಯ ಕೈ ಹಿಡಿದು ಎಳೆದು, ನನ್ನ ಹಿಟ್ಟಿನ ಕೈಯಿಂದಲೇ ಒತ್ತಿ, ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಅವರು ಬಿಡಿಸಿಕೊಳ್ಳಲು ನೋಡಿದರು, ನಾನು ಬಿಡಲಿಲ್ಲ. ಅವರು ನನ್ನ ಪಕ್ಕಕ್ಕೆ ಕುಸಿದು ಕುಳಿತರು. ಅದು ಮತ್ತೆ ಕದಲಿತು.

ಅತ್ತೆಯ ಕೈ ಸಡಿಲವಾಯಿತು, ಆದರೆ ತೆಗೆಯಲಿಲ್ಲ. "ನನ್ನ ಮುಂದೂ ಹರದಿತ್ತು," ಎಂದರು.

"ಏನ್ರಿ ಅತ್ತಿ?"

"ಹಾವು. ಇದೇ ಪಾವಟಗಿ ಮ್ಯಾಲ. ನಿನ್ನ ಗಂಡ ಹೊಟ್ಟ್ಯಾಗಿದ್ದ. ನನಗೂ ಹಿಂಗೇ ಕರದಿದ್ರು. ಎರಡ ತಿಂಗಳ ಒಳಗ ಮನಿಗಿ ಸವತಿ ಬಂದ್ಲು. ಆಕಿ ಬಂದ ಮ್ಯಾಲ ಇಂವ ಹುಟ್ಟ್ದ. ಬಂದಾಕೀನ ಹೊರಗ ಹಾಕಲಾಕ ಬರ್ತದೇನು? ಇಪ್ಪತ್ತ ವರ್ಷ ಒಂದೇ ಒಲಿ ಮುಂದ ಕುಂತೇವು."

ಮಾವನಿಗೆ ಇನ್ನೊಬ್ಬ ಹೆಂಡತಿಯಿದ್ದು ನಾನು ಬರುವ ಮೊದಲೇ ತೀರಿಕೊಂಡರೆಂದು ಗೊತ್ತಿತ್ತು. ಅವರು ಯಾಕೆ ಬಂದರೆಂದು ಯಾರೂ ಹೇಳಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಗೊತ್ತಿದ್ದೂ ನನಗ ಯಾಕ ಕಳಸಿದ್ರಿ? ಆಮ್ಯಾಲರೇ ಯಾಕ ಹೇಳಲಿಲ್ರಿ?"

ಅವರು ಒಲೆಯ ಕಡೆ ನೋಡುತ್ತಿದ್ದರು. "ನಿನ್ನ ಮುಂದರೆ ನಿಂದರ್ತದೇನೋ ಅಂತ ಕಳಸ್ದೆ. ಹರದಿದ್ದು ಕೇಳಿದ ಮ್ಯಾಲ ಏನಂತ ಹೇಳ್ಲಿ? ಹಾವಿಂದು ಸುಳ್ಳು ಅಂದ್ರ, ಆ ಇಪ್ಪತ್ತ ವರ್ಷ ಬರೇ ಸುಳ್ಳಿಗಿ ಕಳದಂಗ ಆತಲ್ಲ ಶರಣೀ."

ಎದ್ದು ಹೊರಗೆ ಹೋಗಿ ಬಂಡಿಯವನಿಗೆ, "ಎತ್ತ ಬಿಚ್ಚೋ ತಮ್ಮಾ," ಎಂದರು. ಅವನು ಏನೋ ಗೊಣಗಿದ್ದು ಕೇಳಿಸಿತು. ಒಳಗೆ ಬಂದು ನನ್ನೆದುರು ಕುಳಿತು, ಕಟ್ಟಿದ್ದ ಬುತ್ತಿ ಬಿಚ್ಚಿದರು. ಒಂದು ರೊಟ್ಟಿಯ ಮೇಲೆ ಹಿಂಡಿ ಹಾಕಿ, ಎಣ್ಣೆ ಬಿಟ್ಟು, ಮಡಚಿ ನನ್ನ ಕಡೆ ಚಾಚಿದರು.

ನಾನು ಕೈ ನೀಡಲಿಲ್ಲ. ಅವರ ಕಾಲಿಗೆ ಬೀಳಬೇಕೆನಿಸಿತು, ಆ ರೊಟ್ಟಿಯನ್ನು ಅವರ ಮುಖಕ್ಕೆ ಒಗೆಯಬೇಕೆನಿಸಿತು, ತಬ್ಬಿಕೊಂಡು ಅಳಬೇಕೆನಿಸಿತು. ಯಾವುದನ್ನೂ ಮಾಡಲಿಲ್ಲ. ಅವರ ಕೈ ಚಾಚಿದ ಹಾಗೇ ಇತ್ತು. ಒಳಗೆ ಮತ್ತೊಮ್ಮೆ ಕದಲಿತು. ನನಗೆ ಬೆಳಗಿನಿಂದ ಹಸಿವಾಗಿತ್ತು. ರೊಟ್ಟಿ ತೆಗೆದುಕೊಂಡು ತಿಂದೆ. ಅವರ ಮುಖ ಮಾತ್ರ ನೋಡಲಿಲ್ಲ.